ಕುರುಗೋಡಿನ ಗರಗಸ

ಕರೆಂಟಿಗೆ ಮುಖದಾಕ್ಷಿಣ್ಯ ಇಲ್ಲ ಎಂದು ನಂಬಿ ಬದುಕಿದವನು ನಾನು. ದಾರಿ ಇದ್ದರೆ ಹರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನನಗೆ, ಮಷೀನಿಗೆ ದೆವ್ವ ಮೆಟ್ಟಿಕೊಂಡಿದೆ ಎಂದು ಯಾರಾದರೂ ಅಂದರೆ ನಗು ಬರುತ್ತಿತ್ತು. ಕೆಲವು ವರ್ಷಗಳ ಹಿಂದೆ ಕುರುಗೋಡಿನಲ್ಲಿ ನಡೆದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಇಂಥ ಕತೆಗೆ ಬೇಕಾದ ಕತ್ತಲೆ ಕೂಡ ಅಲ್ಲಿರಲಿಲ್ಲ, ಮಟಮಟ ಮಧ್ಯಾಹ್ನ.

ನನ್ನನ್ನು ಕರೆಸಿದವಳು ನಾಗರತ್ನ. ಅಪ್ಪ ತೀರಿಕೊಂಡ ಮೇಲೆ ಅವರ ಮರಗೆಲಸದ ಶೆಡ್ಡನ್ನು ಅವಳೇ ನಡೆಸುತ್ತಿದ್ದಳು. ಸಿರುಗುಪ್ಪದ ಒಂದು ಹೊಸ ಮನೆಗೆ ಬಾಗಿಲು, ಕಿಟಕಿ ಮಾಡಿಕೊಡಲು ಒಪ್ಪಿದ್ದಳು. ಅವಳ ಮೊದಲ ದೊಡ್ಡ ಕೆಲಸ. ಗೃಹಪ್ರವೇಶ ಹತ್ತಿರ ಬಂದಿತ್ತು. ಅಪ್ಪನ ಕಾಲದ ಗರಗಸದ ಮಷೀನು ಮಾತ್ರ ನಡುನಡುವೆ ತಾನಾಗಿ ನಿಂತುಬಿಡುತ್ತಿತ್ತು.

"ಈ ಕೆಲಸ ತಪ್ಪಿತಂದ್ರ ನಮ್ಮ ಕಾಕಾ ಮಷೀನ್ ಗುಜರಿಗೆ ಹಾಕ್ತಾನ್ರಿ, ನನ್ನನ್ನ ಮನ್ಯಾಗ ಕುಂಡ್ರಸ್ತಾನ. ಹೆಂಗಾರ ಮಾಡಿ ಓಡಸ್ರಿ," ಅಂದಳು.

"ಸರಿ ಆಗಾತನಕ ನಾ ಬಳ್ಳಾರಿ ಬಸ್ ಹತ್ತಂಗಿಲ್ಲಮ್ಮ," ಅಂದೆ. ಅದರಲ್ಲಿ ಹಟದ ಜೊತೆ ಸ್ವಲ್ಪ ಜಂಬವೂ ಇತ್ತು.

ಸ್ಟಾರ್ಟರ್ ಬಿಚ್ಚಿ ಸುಟ್ಟ ಕಾಂಟ್ಯಾಕ್ಟುಗಳನ್ನು ಬದಲಿಸಿದೆ. ಮೋಟಾರಿನ ವೈಂಡಿಂಗ್ ಚೆನ್ನಾಗಿಯೇ ಇತ್ತು. ಇಲಿ ಕಡಿದಿದ್ದ ಕೇಬಲ್ ಕಿತ್ತು ಹೊಸದು ಎಳೆದೆ. ನಾನೇ ನಿಂತು ಹಲಗೆ ಕೊಯ್ದೆ; ಮಷೀನು ಒಮ್ಮೆಯೂ ನಿಲ್ಲಲಿಲ್ಲ. ಅವಳು ಬಂದು ಕೊಯ್ಯತೊಡಗಿದಳು. ಸ್ವಲ್ಪ ಹೊತ್ತಿಗೆ ನಿಂತಿತು. ಅವಳು ನಿಲ್ಲುವ ಕಡೆ ವೈರ್ ಒತ್ತುತ್ತಿರಬೇಕೆಂದು ಕಾಲಡಿಯ ಹಲಗೆ ಎತ್ತಿಸಿದೆ. ಕೆಳಗೆ ಬರೀ ಮಣ್ಣು. ನನಗೆ ಓಡುತ್ತದೆ, ಅವಳಿಗೆ ನಿಲ್ಲುತ್ತದೆ. ತಲೆ ಚಿಟ್ಟು ಹಿಡಿಯಿತು, ಆದರೂ ಕೈ ಚೆಲ್ಲಲಿಲ್ಲ.

ಅಲ್ಲಿಯ ತನಕ ಅವಳು ಕೊಯ್ಯುವಾಗ ನನ್ನ ಕಣ್ಣು ಕರೆಂಟ್ ಅಳೆಯುವ ಮೀಟರಿನ ಮೇಲಿರುತ್ತಿತ್ತು. ಆಗ ಮೊದಲ ಸಲ ಅವಳ ಕೈ ನೋಡಿದೆ. ಸಣ್ಣದೊಂದು ಪಟ್ಟಿ ತಳ್ಳುತ್ತಿದ್ದಳು, ಕೈ ಜಾರಿತು. ಗರಗಸ ನಿಂತಿತು. ಅವಳ ಹೆಬ್ಬೆರಳಿಗೂ ಗರಗಸದ ಹಲ್ಲಿಗೂ ನಡುವೆ ಅಕ್ಕಿಕಾಳಿನಷ್ಟು ಜಾಗ. ಕರೆಂಟ್ ಕಡಿದರೂ ಗರಗಸ ಒಂದಿಷ್ಟು ಹೊತ್ತು ತಿರುಗುತ್ತಲೇ ಇರುತ್ತದೆ. ಇದು ಯಾರೋ ಹಿಡಿದು ನಿಲ್ಲಿಸಿದ ಹಾಗೆ ನಿಂತಿತ್ತು.

"ಇದರ ಗಾರ್ಡ್ ಎಲ್ಲೈತಿ?" ಎಂದು ಕೂಗಿದೆ. ಬೆರಳು ತಗಲದಂತೆ ಗರಗಸದ ಮೇಲಿರಬೇಕಾದ ಕಬ್ಬಿಣದ ಮುಚ್ಚಳ ಅದು. ಕೆಲಸಕ್ಕೆ ಅಡ್ಡ ಎಂದು ಹಳೆಯ ಶೆಡ್ಡುಗಳಲ್ಲಿ ಅದನ್ನು ಕಿತ್ತಿಡುವುದು ಮಾಮೂಲು. ಅವಳು ಗೋಡೆ ತೋರಿಸಿದಳು. ಗಾರ್ಡಿಗೆ ಊಟದ ಚೀಲ ತೂಗುಹಾಕಿದ್ದಳು.

"ಅಪ್ಪಾನ ತಗದಿಟ್ಟಿದ್ರು. ಆಮ್ಯಾಲ ಅವ್ರ ಎರಡು ಬೆಳ್ಳು ಹೋದ್ವು, ಆದ್ರೂ ಹಾಕ್ಲಿಲ್ಲ. ಸಾಯಾ ಮುಂದ ಮಾತ್ರ ನನ್ನ ಕೈ ಹಿಡಕಂಡು ಬೆಳ್ಳು ನೋಡ್ಕೊಂತ ಇದ್ರು."

ತುಕ್ಕು ಉಜ್ಜಿ ಗಾರ್ಡ್ ಕೂರಿಸಿದೆ. ವೈರ್ ಮುಟ್ಟಲಿಲ್ಲ, ಆ ಗಾರ್ಡಿಗೂ ಕರೆಂಟಿಗೂ ಸಂಬಂಧವೇ ಇಲ್ಲ. ಹೊತ್ತು ಮುಳುಗುವ ತನಕ ಅವಳು ಕೊಯ್ದಳು. ಮಷೀನು ನಿಲ್ಲಲಿಲ್ಲ. ಬಾಗಿಲುಗಳು ಹೊತ್ತಿಗೆ ಸರಿಯಾಗಿ ಸಿರುಗುಪ್ಪ ಸೇರಿದವು. ಆಮೇಲೂ ಅದು ಒಮ್ಮೆಯೂ ನಿಂತಿಲ್ಲ.

"ಏನಾಗಿತ್ರಿ ಅದಕ್ಕ?" ಎಂದು ಅವತ್ತು ಕೇಳಿದಳು.

"ಲೂಸ್ ಕನೆಕ್ಷನ್ನಮ್ಮ," ಅಂದೆ. ಏನೂ ತಿಳಿಯದಾಗ ನಾವೆಲ್ಲ ಹೇಳುವುದು ಅದನ್ನೇ.

ದೆವ್ವಗಿವ್ವ ನಾನು ಇಂದಿಗೂ ನಂಬುವುದಿಲ್ಲ. ಹಾಗೆಂದು ಕಾರಣವೂ ಸಿಕ್ಕಿಲ್ಲ. ಹಟ ಬಿಟ್ಟಿಲ್ಲ, ಕುರುಗೋಡಿಗೆ ಹೋದಾಗಲೆಲ್ಲ ಆ ಸ್ಟಾರ್ಟರ್ ಬಿಚ್ಚಿ ನೋಡುತ್ತೇನೆ. ಆದರೆ ಅದು ಆಮೇಲಿನ ಮಾತು. ಮೊದಲು ಬಾಗಿಲಲ್ಲೇ ನಿಂತು, "ಬೆಳ್ಳು ಎಷ್ಟದಾವಮ್ಮ?" ಎಂದು ಕೇಳುತ್ತೇನೆ. ನಾಗರತ್ನ ಮರದ ಹೊಟ್ಟು ಮೆತ್ತಿದ ಎರಡೂ ಕೈ ಬಿಚ್ಚಿ ನನ್ನ ಮುಂದೆ ಹಿಡಿಯುತ್ತಾಳೆ.

"ಹತ್ತೂ ಅದಾವ್ರಿ."