ಹನ್ನೊಂದು ಕಾಫಿಬೀಜದ ತೂಕ

ನಮ್ಮ ಮನೆಯ ಕುಂಕುಮದ ಭರಣಿಗೆ ಮುಚ್ಚಳವಿಲ್ಲ. ಬಂದವರು ಕೇಳಿದರೆ ನನ್ನ ಹೆಂಡತಿ ಸರಸು, "ಅದು ಸಂಗೀತಕ್ಕೆ ಹೋಗಿದೆ" ಎನ್ನುತ್ತಾಳೆ. ಅವರು ಮುಂದೆ ಕೇಳುವುದಿಲ್ಲ. ನೀವು ಕೇಳದೆ ಬಿಡುವವರಲ್ಲವೆಂದು ಹೇಳುತ್ತಿದ್ದೇನೆ.

ಸರಸುವಿನ ಅಕ್ಕ ಮೈಸೂರಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು. ಯಾರೋ ಹಾಡಿದ ಒಂದು ಗ್ರಾಮಫೋನ್ ಪ್ಲೇಟಿಗೆ ಪಕ್ಕವಾದ್ಯ ನುಡಿಸಿದ್ದರು. ಪ್ಲೇಟಿನ ಮೇಲೆ ಅವರ ಹೆಸರಿಲ್ಲ; ಆದರೆ ಹಾಡು ಮುಗಿದ ಮೇಲೆ, ದನಿ ಹಿಡಿಯುವ ಯಂತ್ರ ನಿಂತಿತೆಂದು ಭಾವಿಸಿ, ಅವರು "ಮುಗೀತಾ?" ಎಂದು ಯಾರನ್ನೋ ಕೇಳಿದ್ದು ಕೊನೆಯ ಸುತ್ತಿನಲ್ಲಿ ಹಾಗೆಯೇ ಉಳಿದುಬಿಟ್ಟಿದೆ. ಅಕ್ಕ ತೀರಿಕೊಂಡ ಮೇಲೆ ಸರಸುವಿಗೆ ಉಳಿದದ್ದು ಆ ಒಂದು ಮಾತು. ಮೂರು ನಿಮಿಷದ ಹಾಡನ್ನು ಅವಳು ಬಸ್ಸಿಗೆ ಕಾಯುವವಳಂತೆ ಕುಳಿತು ಕಳೆಯುತ್ತಿದ್ದಳು. ನಮ್ಮ ಹಳೆಯ ಗ್ರಾಮಫೋನಿನ ಉಕ್ಕಿನ ಮುಳ್ಳೋ, ಪ್ರತಿ ಸಲವೂ ಆ ಮಾತನ್ನು ಒಂದಿಷ್ಟು ಕೆರೆದು ತಿನ್ನುತ್ತಿತ್ತು. "ಇನ್ನು ಹಾಕ್ಬೇಡಿ, ಅಕ್ಕನ ದನಿ ಸವೆದುಹೋಗ್ತಿದೆ" ಎಂದು ಅವಳು ಪ್ಲೇಟನ್ನು ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸಿದ ದಿನ ನನಗೆ ನಿಜಕ್ಕೂ ಸಂಕಟವಾಯಿತು.

ಮುಳ್ಳನ್ನು ಹೊರುವ ಕೈ ಹಗುರಾಗಿರುವ ಯಂತ್ರವೊಂದು ಬೇಕಿತ್ತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸದು. ತಿತಿಮತಿಯ ಕಡೆ ನಾನು ಲೆಕ್ಕ ಬರೆಯುವ ರೈಟರಾಗಿದ್ದ ಕಾಫಿ ಎಸ್ಟೇಟಿನ ದೊರೆ ಸ್ವದೇಶಕ್ಕೆ ಹೊರಟು ಬಂಗಲೆಯ ಸಾಮಾನನ್ನೆಲ್ಲ ಮಾರಲಿಟ್ಟರು. ಜನ ಕುರ್ಚಿ, ಬೀರು ಕೊಂಡರು. ನಾನು ಕೀಲಿ ಕೊಟ್ಟರೆ ತಿರುಗುವ, ಕೈ ಮುರಿದುಹೋದ, ಪ್ಲೇಟು ಹಾಕುವ ತಟ್ಟೆಯಂತ್ರ ಕೊಂಡೆ. ಕೊಳ್ಳುವ ಮುನ್ನ ತಟ್ಟೆಯ ಅಂಚಿಗೆ ಸುಣ್ಣದ ಬೊಟ್ಟಿಟ್ಟು, ಗಡಿಯಾರ ಹಿಡಿದು, ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ಬರುವುದೇ ಎಂದು ಮೂರು ಸಲ ಎಣಿಸಿದೆ. ನಾಲ್ಕನೆಯ ಸಲಕ್ಕೆ ದೊರೆಸಾನಿ ಚಹಾ ಕಳಿಸಿದರು.

ಹೊಸ ಕೈ ಸಿಕ್ಕಿದ್ದು ಮಡಿಕೇರಿಯ ರೇಡಿಯೋ ರಿಪೇರಿ ಅಬೂಬಕರ್ ಸಾಹೇಬರಲ್ಲಿ. ಅದೂ ಯಾರೋ ಬಳಸಿ ಬಿಟ್ಟದ್ದು. ಅದರ ತುದಿಯಲ್ಲಿ ಮುಳ್ಳನ್ನು ಹಿಡಿದಿರಲು ಕಾರ್ಟ್ರಿಡ್ಜ್ ಎಂಬ, ಹೆಬ್ಬೆರಳಿನ ಉಗುರಿನಷ್ಟು ಪೆಟ್ಟಿಗೆ ಬೇರೆ. ಗಂಡಿನದು, ಹೆಣ್ಣಿನದು ಎರಡು ಜಾತಕ ಕೂಡಿಬರುವುದೇ ಕಷ್ಟವಾಗಿರುವಾಗ ಇಲ್ಲಿ ಮೂರು ಕೂಡಿಬರಬೇಕು. ಮೂರನ್ನೂ ಜೋಡಿಸಿ, ನಮ್ಮ ಬ್ಯಾಟರಿ ರೇಡಿಯೋಗೆ ತಂತಿ ಸಿಕ್ಕಿಸುವ ಬಗೆ ತೋರಿಸಿ, ಸಾಹೇಬರು, "ಕೈ ಸ್ವಲ್ಪ ಭಾರ ಉಂಟು ರೈಟರೇ. ಅದರ ಹಿಂದಿನ ಬಾಲಕ್ಕೆ ಏನಾದ್ರೂ ತೂಕ ಇಡಿ. ಮುಳ್ಳು ಪ್ಲೇಟಿನ ಮೇಲೆ ಕೂತ ಹಾಗೆ ಇರ್ಬೇಕು, ಊರಿದ ಹಾಗೆ ಆಗ್ಬಾರ್ದು" ಎಂದರು.

ಕಾಫಿಯವನಿಗೆ ತೂಕವೆಂದರೆ ಬೀಜವೇ ತಾನೆ? ಭರಣಿಯ ಮುಚ್ಚಳವನ್ನು ಕೈಯ ಬಾಲಕ್ಕೆ ದಾರದಿಂದ ಕಟ್ಟಿ, ಗರಿಗರಿಯಾಗಿ ಒಣಗಿದ ಬೀಜಗಳನ್ನು ಆರಿಸಿ ಒಂದೊಂದಾಗಿ ಹಾಕುತ್ತ ಹೋದೆ. ಹನ್ನೊಂದಕ್ಕೆ ಮುಳ್ಳು ಹದವಾಗಿ ಕೂತಿತು. ಪ್ಲೇಟು ಪೆಟ್ಟಿಗೆಯಿಂದ ಹೊರಬಂತು. ಆ ಬೇಸಿಗೆಯುದ್ದಕ್ಕೂ ಅಕ್ಕ ದಿನಕ್ಕೊಮ್ಮೆ "ಮುಗೀತಾ?" ಎಂದು ಸ್ಪಷ್ಟವಾಗಿ ಕೇಳಿದರು. ನನಗೆ ಸ್ವಲ್ಪ ಜಂಬವೂ ಬಂದಿತ್ತು.

ಜೂನಿನಲ್ಲಿ ಮಳೆ ಹಿಡಿಯಿತು. ಮಳೆಗಾಲದ ಗಾಳಿಗೆ ಕಾಫಿಬೀಜ ಪಸೆ ಕುಡಿದು ತೂಕ ಏರಿಸಿಕೊಳ್ಳುತ್ತದೆ. ಗೋದಾಮಿನಲ್ಲಿ ಚೀಲ ಗೋಡೆಗೆ ತಾಗಿದರೆ ಆಳುಗಳನ್ನು ಬೈಯುವವನು ನಾನೇ. ಸಂಗೀತಕ್ಕೆ ಸೇರಿದ ಹನ್ನೊಂದು ಬೀಜಗಳಿಗೆ ಮಾತ್ರ ಈ ಗುಣ ಇರದೆಂದು ಯಾಕೆ ನಂಬಿದೆನೋ ಕಾಣೆ. ಬೀಜಗಳು ಬಾಲವನ್ನು ಜಗ್ಗಿದವು, ಮೇಜೂ ಸ್ವಲ್ಪ ವಾಲಿತ್ತು. ತೀರ ಹಗುರಾದ ಮುಳ್ಳು ಪಲ್ಲವಿಯಲ್ಲೇ ಕಾಲು ಜಾರಿ, ಚರಣಗಳನ್ನೆಲ್ಲ ದಾಟಿಕೊಂಡು, ಸೀದಾ ಕೊನೆಯ ಒಳಸುತ್ತಿಗೆ ಹೋಗಿ ಬಿತ್ತು.

"ಮುಗೀತಾ?" ಎಂದಿತು ಪ್ಲೇಟು.

ನಾನು ಗಾಬರಿಯಿಂದ ಎರಡು ಬೀಜ ತೆಗೆಯಹೋದೆ. ಸರಸು ನನ್ನ ಕೈ ಹಿಡಿದಳು.

"ಇರಲಿ ಬಿಡಿ. ಇವತ್ತು ಅಕ್ಕ ಬೇಗ ಬಂದ್ಲು."

ತಟ್ಟೆ, ಕೈ, ಕಾರ್ಟ್ರಿಡ್ಜುಗಳನ್ನು ನಾನು ಇಷ್ಟು ಪಾಡುಪಟ್ಟು ಹೊಂದಿಸಿದ್ದು ಹಾಡಿಗೆ. ಹಾಡಿಗಾಗಿ ಅವಳು ಎಂದೂ ಕಾದವಳಲ್ಲ ಎಂಬುದು ಗೊತ್ತಿದ್ದೂ ಮರೆತಿದ್ದೆ. ಅಂದಿನಿಂದ ನಮ್ಮ ಮನೆಯಲ್ಲಿ ಬೇಸಿಗೆಗೆ ಪೂರ್ತಿ ಹಾಡು, ಮಳೆಗಾಲಕ್ಕೆ ಬರೀ ಅಕ್ಕ. ಹೊಸ ಮುಚ್ಚಳ ತರುತ್ತೇನೆಂದರೂ ಸರಸು ಬೇಡವೆನ್ನುತ್ತಾಳೆ. ಮಳೆಗೆ ಭರಣಿಯ ಕುಂಕುಮ ಪಸೆಯಾಗಿ ಗಟ್ಟಿಕಟ್ಟುತ್ತದೆ. ಅದನ್ನು ಉಗುರಿನಿಂದ ಕೆದಕಿ ಹಣೆಗಿಟ್ಟುಕೊಂಡು, ಯಾರೋ ಮನೆಗೆ ಬರುವವರಿದ್ದಾರೆಂಬಂತೆ ಸೆರಗು ಸರಿಮಾಡಿ, "ಇನ್ನು ಹಾಕಿ" ಎನ್ನುತ್ತಾಳೆ.