ಎದೆ ಇದ್ದೂ ಎದೆಗಾರಿಕೆ ಇಲ್ಲದವನು

ಒಂದು ಕಾಲದಲ್ಲಿ ನನ್ನ ಅಂಗಿಗಳಿಗೆಲ್ಲ ಎರಡೆರಡು ಜೇಬು ಇರುತ್ತಿದ್ದವು. ಎಡಕ್ಕೊಂದು, ಬಲಕ್ಕೊಂದು, ಮೇಲೆ ಮುಚ್ಚಳ, ಮುಚ್ಚಳಕ್ಕೊಂದು ಗುಂಡಿ. ನಮ್ಮ ಚಳ್ಳಕೆರೆಯ ದರ್ಜಿಗೆ ಅಳತೆ ಕೊಡುವಾಗಲೆಲ್ಲ ಆತ, ಪೊಲೀಸ್ ಕೆಲಸ ಏನಾದರೂ ಸಿಕ್ಕಿತೇ ಎಂದು ಕೇಳುತ್ತಿದ್ದ. ಆ ಜೇಬುಗಳಲ್ಲಿ ಇಡಲು ನನ್ನ ಹತ್ತಿರ ಏನೂ ಇರಲಿಲ್ಲ. ಅವು ಬೇಕಾಗಿದ್ದದ್ದು ಇಡುವುದಕ್ಕಲ್ಲ, ಮುಚ್ಚುವುದಕ್ಕೆ. ಅವುಗಳ ಹಿಂದೆ ಎರಡು ಮೊಲೆಗಳಿದ್ದವು.

ಹೇಳಿಬಿಟ್ಟೆ ನೋಡಿ. ಈ ಒಂದು ಪದ ಬರೆಯುವ ಮುಂಚೆ ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದಿದ್ದೇನೆ. ಮನೆಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಇಲ್ಲ ಎಂಬುದು ಬೇರೆ ಮಾತು.

ಮೀಸೆ ಚಿಗುರುವ ವಯಸ್ಸಿನಲ್ಲಿ ಅವೂ ಚಿಗುರಿದವು. ಮೀಸೆಯ ವಿಷಯದಲ್ಲಿ ಸಂತೋಷಪಟ್ಟ ದೇಹವೇ ಇನ್ನೊಂದು ವಿಷಯದಲ್ಲಿ ಹೀಗೇಕೆ ತಪ್ಪು ದಾರಿ ಹಿಡಿಯಿತೋ ತಿಳಿಯದೆ ಕಂಗಾಲಾದೆ. ಸ್ನೇಹಿತರು ತೋಟದ ಬಾವಿಗೆ ಈಜಲು ಹೊರಟರೆ ನನಗೆ ನೆಗಡಿ. ಬೇಸಿಗೆಯಲ್ಲೂ ನೆಗಡಿ. ಅಪ್ಪ ತೀರಿಕೊಂಡ ಮೇಲೆ ಮನೆಯ ಎಣ್ಣೆ ಮಿಲ್ಲು ನನ್ನ ಪಾಲಿಗೆ ಬಂತು. ಶೇಂಗಾ ಅರೆಯುವ ಯಂತ್ರದ ಬಿಸಿಗೆ ಆಳುಗಳೆಲ್ಲ ಬರಿಮೈಯಲ್ಲಿ ದುಡಿಯುತ್ತಿದ್ದರೆ, ಮಾಲೀಕನಾದ ನಾನು ಒಂದು ಅಳತೆ ಚಿಕ್ಕದಾದ ದಪ್ಪ ಬನಿಯನ್ ತೊಟ್ಟು, ಮೇಲೆ ಎರಡು ಜೇಬಿನ ಅಂಗಿ ತೊಟ್ಟು, ಶೇಂಗಾದಂತೆಯೇ ಬೆವರು ಹಿಂಡಿಸಿಕೊಳ್ಳುತ್ತಿದ್ದೆ. ಸಾಹುಕಾರರಿಗೆ ಶಿಸ್ತು ಜಾಸ್ತಿ ಎಂದು ಅವರು ಮಾತಾಡಿಕೊಳ್ಳುತ್ತಿದ್ದರು.

ಕನ್ನಡ ಭಾಷೆಯೂ ಈ ವಿಷಯದಲ್ಲಿ ನನಗೆ ದಯೆ ತೋರಲಿಲ್ಲ. ಧೈರ್ಯಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಎದೆಗಾರಿಕೆ. ಹೆದರಿದವನು ಎದೆಗುಂದುತ್ತಾನೆ, ಗೆದ್ದವನು ಎದೆಯುಬ್ಬಿಸುತ್ತಾನೆ, ನಿಜ ಹೇಳುವವನು ಎದೆ ತಟ್ಟಿಕೊಂಡು ಹೇಳುತ್ತಾನೆ. ಈ ಲೆಕ್ಕದಲ್ಲಿ ಊರಿಗೆಲ್ಲ ದೊಡ್ಡ ಧೈರ್ಯವಂತ ನಾನೇ ಆಗಬೇಕಿತ್ತು. ಆದರೆ ಎದುರಿನಿಂದ ಯಾರಾದರೂ ಬಂದರೆ ಸಾಕು, ನನ್ನ ಎರಡೂ ಕೈ ತಾವಾಗಿ ಎದೆಯ ಮೇಲೆ ಕಟ್ಟಿಕೊಂಡುಬಿಡುತ್ತಿದ್ದವು. ದೇವರ ಮನೆಯಲ್ಲಿ ಅರ್ಧನಾರೀಶ್ವರನ ಪಟವೊಂದಿತ್ತು. ವಿಭೂತಿ ಹಚ್ಚಿಕೊಂಡು ಅದರ ಮುಂದೆ ಕೂತಾಗ ನನಗೆ ಅಸೂಯೆಯಾಗುತ್ತಿತ್ತು. ಶಿವನಿಗೆ ಒಂದೇ ಕಡೆ. ಜಗತ್ತು ಕೈ ಮುಗಿಯುತ್ತದೆ. ನನಗೆ ಎರಡೂ ಕಡೆ; ಗೊತ್ತಾದರೆ ಅದೇ ಜಗತ್ತು ನಗುತ್ತದೆ.

ಹೀಗೆ ಮುಚ್ಚಿಕೊಂಡೇ ಆಯುಸ್ಸು ಕಳೆದುಬಿಡುತ್ತಿದ್ದೆನೋ ಏನೋ. ಅಷ್ಟರಲ್ಲಿ ಮದುವೆ ಗೊತ್ತಾಯಿತು. ಹುಡುಗಿ ಮೊಳಕಾಲ್ಮೂರಿನವಳು, ಅನ್ನಪೂರ್ಣ. ಅವಳ ತಂದೆ ಮನೆಯಲ್ಲೇ ಮಗ್ಗ ಹಾಕಿಸಿ ರೇಷ್ಮೆ ಸೀರೆ ನೇಯಿಸಿ ಮಾರುವವರು. ನಿಶ್ಚಿತಾರ್ಥದ ದಿನ ಅವರ ಪಡಸಾಲೆಯಲ್ಲಿ ಎಲ್ಲರ ಕಣ್ಣೂ ನನ್ನ ಮೇಲೆಯೇ ಇದ್ದಾಗ, ನಾನು ಕೈಕಟ್ಟಿಕೊಂಡು ಕಂಬದ ಹಾಗೆ ಕೂತಿದ್ದೆ. ಹಣ್ಣಿನ ತಟ್ಟೆ ಕೊಟ್ಟಾಗ ಮಾತ್ರ ಕೈ ಬಿಚ್ಚಿದೆ. ತಟ್ಟೆಯನ್ನು ಎದೆಗೇ ಒತ್ತಿ ಹಿಡಿದುಕೊಂಡೆ. ಕೊನೆಗೆ ಊಟಕ್ಕೆ ಕೂತು, ಎಲ್ಲ ಸುಸೂತ್ರವಾಗಿ ಮುಗಿಯಿತು ಎಂದುಕೊಳ್ಳುವಾಗ ನನ್ನ ಸೋದರತ್ತೆ, ಅಪ್ಪನ ಅಕ್ಕ, ಬೀಗರಿಗೆ ನಮ್ಮ ಮನೆಯ ಪದ್ಧತಿ ವಿವರಿಸತೊಡಗಿದರು. ಮದುವೆಯ ಹಿಂದಿನ ದಿನ ಮದುಮಗನ ಅಂಗಿ, ಬನಿಯನ್ ಬಿಚ್ಚಿಸಿ, ಹಸೆಮಣೆಯ ಮೇಲೆ ಕೂರಿಸಿ, ಎರಡೂ ಕಡೆಯ ಮುತ್ತೈದೆಯರು ಮೈತುಂಬ ಅರಿಶಿನ ಎಣ್ಣೆ ಹಚ್ಚಬೇಕು. ನಮ್ಮ ಮನೆಯಲ್ಲಿ ಅದನ್ನು ಇದುವರೆಗೆ ಯಾರೂ ತಪ್ಪಿಸಿಲ್ಲವಂತೆ.

ಬಾಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು. ಊರಿಗೆ ಮರಳುವ ದಾರಿಯುದ್ದಕ್ಕೂ ಕಿಟಕಿಯಾಚೆ ನನಗೆ ಕಂಡದ್ದು ಹೊಲಗಳಲ್ಲ. ಅರಿಶಿನ ಮೆತ್ತಿದ ಕೈಗಳು, ಅವುಗಳ ಹಿಂದೆ ಒತ್ತಿ ಹಿಡಿದ ನಗು. ಆಮೇಲೆ ನಿದ್ದೆ ಹೋಯಿತು, ಊಟ ಸೇರದಾಯಿತು. ಅನ್ನಪೂರ್ಣ ಫೋನು ಮಾಡಿದರೆ ಹೂಂ, ಊಹೂಂ ಎಂದು ಇಟ್ಟುಬಿಡುತ್ತಿದ್ದೆ. ಮದುವೆಯನ್ನೇ ಮುರಿದುಬಿಡೋಣ ಎನ್ನಿಸಿದ್ದೂ ಉಂಟು.

ನನ್ನ ಅವಸ್ಥೆ ನೋಡಿ ಗೆಳೆಯ ಓಬಳೇಶ ನನ್ನ ಬಾಯಿ ಬಿಡಿಸಿದ. ಓಬಳೇಶ ಕುದಾಪುರದ ಕಡೆಯ ರೈತ, ನನ್ನ ಜೊತೆ ಓದಿದವನು. ನಾನು ಅಳುವ ದನಿಯಲ್ಲಿ ಹೇಳಿ ಮುಗಿಸಿದೆ. ಅವನು ನಗಲಿಲ್ಲ.

"ಗೊತ್ತೈತೆ ಕಣಲೇ," ಅಂದ. "ನಿನಗೆ ಬ್ಯಾಸಿಗ್ಯಾಗೂ ನೆಗಡಿ ಆಗೋದು ಯಾತಕ್ಕೆ ಅಂತ ನಮಗೆಲ್ಲ ಅವಾಗ್ಲೇ ಗೊತ್ತಿತ್ತು. ಮಿಷಿನ್ ಕೆಟ್ರೆ ರಿಪೇರಿ ಮಾಡಿಸ್ತೀಯಲ್ಲ? ನಡಿ, ಡಾಕ್ಟ್ರ ತಾವ ಹೋಗಾಣ."

ಎಲ್ಲರಿಗೂ ಗೊತ್ತಿತ್ತು ಎಂಬ ಮಾತೇ ನನ್ನನ್ನು ಅರ್ಧ ಕೊಂದಿತು. ಉಳಿದರ್ಧ ಜೀವ ಹಿಡಿದುಕೊಂಡು ಅವನ ಜೊತೆ ದಾವಣಗೆರೆಗೆ ಹೋದೆ. ಅಲ್ಲಿದ್ದದ್ದು ಹೆಂಗಸು ಡಾಕ್ಟರು. ಅವರು ತಲೆಯೆತ್ತದೆ, ಅಂಗಿ ತೆಗೀರಿ ಅಂದರು. ಹೆತ್ತ ತಾಯಿಗೂ ತೋರಿಸದೆ ಬಚ್ಚಿಟ್ಟಿದ್ದನ್ನು ಬಿಚ್ಚುವಾಗ ಗುಂಡಿಯೊಂದು ಕಿತ್ತು ಬಂತು. ಅವರು ಒತ್ತಿ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು, ಸ್ಕ್ಯಾನ್ ಮಾಡಿಸಿದರು. ಕೊನೆಗೆ, ಇದರ ಹೆಸರು ಗೈನಕೊಮಾಸ್ಟಿಯ, ಬರೀ ಕೊಬ್ಬಲ್ಲ, ಒಳಗೆ ಗ್ರಂಥಿ ಬೆಳೆದಿದೆ ಎಂದರು. ಹುಡುಗರು ವಯಸ್ಸಿಗೆ ಬರುವಾಗ ಬಹಳ ಮಂದಿಗೆ ಹೀಗಾಗುತ್ತದಂತೆ. ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ. ಇದರಿಂದ ಅಪಾಯವಿಲ್ಲ, ಹೀಗೇ ಇದ್ದರೂ ನಡೆಯುತ್ತದೆ. ಬೇಡವೆನಿಸಿದರೆ ಪ್ರಜ್ಞೆ ತಪ್ಪಿಸಿ, ಸಣ್ಣದಾಗಿ ಕುಯ್ದು ತೆಗೆಯಬಹುದು. ತೆಗೆದದ್ದನ್ನು ಎಲ್ಲದಕ್ಕೂ ಇರಲಿ ಎಂದು ಒಮ್ಮೆ ಪರೀಕ್ಷೆಗೆ ಕಳಿಸುತ್ತೇವೆ ಎಂದೂ ಸೇರಿಸಿದರು.

ನನಗೆ ಕೇಳಿಸಿದ್ದು ಎರಡೇ ಮಾತು: ಪ್ರಜ್ಞೆ ತಪ್ಪಿಸಿ, ಪರೀಕ್ಷೆಗೆ. ಇಷ್ಟು ವರ್ಷ ಜನರ ಕಣ್ಣಿಗೆ ಮಾತ್ರ ಹೆದರುತ್ತಿದ್ದವನು ಈಗ ಕತ್ತಿಗೆ ಹೆದರಬೇಕಾಯಿತು, ಪ್ರಜ್ಞೆ ತಪ್ಪಿದವನು ಮರಳಿ ಏಳದಿದ್ದರೆ ಎಂದು ಹೆದರಬೇಕಾಯಿತು, ಆ ಪರೀಕ್ಷೆಯಲ್ಲಿ ಏನು ಬರುತ್ತದೋ ಎಂದೂ ಹೆದರಬೇಕಾಯಿತು.

ಅವ್ವನಿಗೆ ಹೇಳದೆ ವಿಧಿ ಇರಲಿಲ್ಲ. ಶೇಂಗಾ ಸುಲಿಯುತ್ತಿದ್ದ ಅವ್ವ ಎಲ್ಲ ಕೇಳಿ ಮೊರ ಕೆಳಗಿಟ್ಟಳು. ನನ್ನ ಮುಖ ನೋಡದೆಯೇ ಹೇಳಿದಳು, "ಇದು ನನ್ನಿಂದ ಆಗಿದ್ದು ಕಣಪ್ಪ." ಅವ್ವನಿಗೆ ಹೆಣ್ಣುಮಗು ಬೇಕೆಂದು ಬಹಳ ಆಸೆಯಿತ್ತಂತೆ. ಹುಟ್ಟಿದವನು ನಾನು. ಆಸೆ ತಡೆಯದೆ ನಾನು ಚಿಕ್ಕವನಿದ್ದಾಗ ಲಂಗ ಉಡಿಸಿ, ಮೊಗ್ಗಿನ ಜಡೆ ಹೆಣೆದು, ಫೋಟೋ ತೆಗೆಸಿದ್ದಳು. ದೇವರು ಅದನ್ನೇ ನಿಜ ಮಾಡಿಬಿಟ್ಟ ಎಂದು, ನನ್ನ ಅಂಗಿಗೆ ಎರಡು ಜೇಬು ಬಂದಂದಿನಿಂದ ಅವಳು ಒಳಗೊಳಗೇ ನಡುಗುತ್ತಿದ್ದಳಂತೆ. ನಾನು ಹಾರ್ಮೋನು, ಗ್ರಂಥಿ ಎಂದೆಲ್ಲ ಡಾಕ್ಟರು ಹೇಳಿದ್ದನ್ನು ಒಪ್ಪಿಸಿದೆ. ಅವ್ವ ಅದನ್ನು ನಂಬಿದಳೋ ಇಲ್ಲವೋ, ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಮೊರ ಎತ್ತಿಕೊಂಡಳು. ಒಂದೇ ಮನೆಯಲ್ಲಿ, ಒಂದೇ ವಿಷಯಕ್ಕೆ, ಇಬ್ಬರೂ ಇಷ್ಟು ಕಾಲ ಬೇರೆ ಬೇರೆಯಾಗಿ ಹೆದರಿದ್ದೆವು.

ಇನ್ನು ಉಳಿದವಳು ಅನ್ನಪೂರ್ಣ. ಆಪರೇಷನ್ ಟೇಬಲ್ಲಿನ ಮೇಲೆಯೇ ಹೋಗಿಬಿಟ್ಟರೆ ಅವಳಿಗೆ ಕಾರಣವಾದರೂ ಗೊತ್ತಿರಲಿ ಎಂಬ ವೀರಾವೇಶದಲ್ಲಿ, ಮದುವೆ ಸೀರೆಯ ಬಣ್ಣ ನೋಡುವ ನೆಪ ಹೇಳಿಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಅವಳ ತಂದೆ ಮನೆಯಲ್ಲಿರಲಿಲ್ಲ. ಮಗ್ಗದ ಕೋಣೆಯ ಬಾಗಿಲ ಬಳಿ ಅವಳ ಅಜ್ಜಿ ನೂಲು ಸುತ್ತುತ್ತಾ ಕೂತಿದ್ದರು. "ಕೂಚೋ ನಾಯನಾ," ಕೂತುಕೊಳ್ಳಪ್ಪ ಎಂದು ತೆಲುಗಿನಲ್ಲಿ ಹೇಳಿ ಚಾಪೆ ತೋರಿಸಿದರು. ಜೀವಮಾನವೆಲ್ಲ ಮಗ್ಗದ ಸದ್ದಿನಲ್ಲೇ ಕಳೆದ ಅವರಿಗೆ ಕಿವಿ ಅಷ್ಟಕ್ಕಷ್ಟೆ. ಹಾಗಾಗಿ ಹಿರಿಯರ ಸಮ್ಮುಖದಲ್ಲೇ, ಅವರಿಗೆ ಒಂದಕ್ಷರವೂ ಕೇಳಿಸದ ಹಾಗೆ, ನಾನು ಅನ್ನಪೂರ್ಣಳಿಗೆ ಎಲ್ಲವನ್ನೂ ಹೇಳಿದೆ. ನೆಲ ನೋಡುತ್ತಲೇ ಹೇಳಿದೆ. ನಡುವೆ ಮಗ್ಗ ನಿಂತಾಗ ನಾನೂ ನಿಂತೆ, ಅದು ಶುರುವಾದಾಗ ಮುಂದುವರಿಸಿದೆ.

ತಲೆಯೆತ್ತಿದರೆ ಅವಳ ಕಣ್ಣಲ್ಲಿ ನೀರು. ಮುಗಿಯಿತು ಎಂದುಕೊಂಡೆ.

"ಅದಕ್ಕೇನಾ ನೀವು ಅವತ್ತು ಕೈಕಟ್ಕೊಂಡು ಕೂತಿದ್ದು?" ಅಂತ ಕೇಳಿದಳು.

ಹೌದೆಂದೆ.

"ನಾನು ನಿಮ್ಮನ್ನ ಸಿಟ್ಟಿನೋರು ಅಂದ್ಕೊಂಡಿದ್ದೆ ರೀ. ನಮ್ಮಕ್ಕನ ಗಂಡನೂ ಹಂಗೇ ಕೂರ್ತಾನೆ. ಕೈ ಬಿಚ್ಚಿದ್ರೆ ಅಕ್ಕಂಗೆ ಹೊಡೆಯೋಕೇ ಬಿಚ್ಚೋದು." ಸ್ವಲ್ಪ ಸುಧಾರಿಸಿಕೊಂಡು ಮುಂದುವರಿಸಿದಳು, "ಫೋನಿನಾಗೂ ನೀವು ನೆಟ್ಟಗೆ ಮಾತಾಡ್ಲಿಲ್ಲ. ಈ ಮದುವಿ ಬ್ಯಾಡ ಅಂತ ಇವತ್ತು ಅಪ್ಪಗೆ ಹೇಳಾಣ ಅಂತಿದ್ದೆ."

ನಾನು ಇವರಿಗೆಲ್ಲ ಹೆದರಿ ಮುದುಡಿ ಕೂತಿದ್ದಾಗ, ಎದುರಿಗೆ ಕೂತಿದ್ದ ಹುಡುಗಿ ನನ್ನನ್ನು ನೋಡಿ ಹೆದರುತ್ತಿದ್ದಳು! ಜೀವನದಲ್ಲಿ ನನ್ನನ್ನು ಕಂಡು ಹೆದರಿದ ಮೊದಲ ಪ್ರಾಣಿ ಅವಳೇ ಇರಬೇಕು. ಮಿಲ್ಲಿನ ಇಲಿಗಳು ಕೂಡ ಹೆದರುವುದಿಲ್ಲ. ಈ ಮಾತನ್ನು ಅವಳಿಗೆ ಹೇಳಿದೆ. ಅಳುತ್ತಲೇ ನಕ್ಕಳು. ಅಜ್ಜಿಯೂ, ಏನೋ ನಗುವ ಮಾತಿರಬೇಕೆಂದು, ನಕ್ಕರು.

ಹೊರಡುವಾಗ ಅವಳು ಹೇಳಿದ್ದು ಇಷ್ಟೇ: "ನನ್ನ ಸಲುವಾಗಿ ಮಾಡಿಸ್ಕೋಬ್ಯಾಡ್ರಿ. ನಿಮಗೆ ಬೇಕು ಅನ್ಸಿದ್ರೆ ಮಾಡಿಸ್ಕೊಳ್ರಿ."

ಇದು ಇನ್ನೊಂದು ಫಜೀತಿ. ಅಲ್ಲಿಯವರೆಗೆ ಹೆದರಿಕೆಯೇ ನನ್ನನ್ನು ಕತ್ತು ಹಿಡಿದು ಆಸ್ಪತ್ರೆಗೆ ದಬ್ಬುತ್ತಿತ್ತು. ಈಗ ಅವಳು ಆ ಕೈ ಬಿಡಿಸಿಬಿಟ್ಟಳು. ನನ್ನ ಕಾಲ ಮೇಲೆ ನಾನೇ ನಡೆದು ಹೋಗಬೇಕು ಅಥವಾ ಮನೆಯಲ್ಲಿರಬೇಕು. ಬಸ್ಸಿನಲ್ಲಿ ಕೂತು ಯೋಚಿಸಿದೆ. ಎದೆಗೆ ನೇರವಾಗಿ ಗಾಳಿ ತಾಗಿ ಎಷ್ಟು ವರ್ಷವಾಯಿತು ಎಂದು ನೆನಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಬಾವಿಗೆ ಧುಮುಕಬೇಕು, ಬಿಸಿಲಲ್ಲಿ ಅಂಗಿ ಬಿಚ್ಚಿ ನಿಲ್ಲಬೇಕು ಎಂಬ ಆಸೆ ನನ್ನದೇ ಆಗಿತ್ತು, ಯಾರ ಭಯದ್ದೂ ಅಲ್ಲ. ಮಾಡಿಸಿಕೊಳ್ಳುತ್ತೇನೆ ಎಂದು ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ನಿಂತು ಓಬಳೇಶನಿಗೆ ಫೋನು ಮಾಡಿದೆ.

ನಿರ್ಧಾರ ಮಾಡಿದವನಿಗೆ ಹೆದರಿಕೆ ಇರುವುದಿಲ್ಲ ಎನ್ನುವವರು ಆಪರೇಷನ್ ಮಾಡಿಸಿಕೊಂಡವರಲ್ಲ. ಆ ದಿನ ಬೆಳಿಗ್ಗೆ ಹಸಿರು ಗೌನು ತೊಡಿಸಿದಾಗ ಅದರ ಲಾಡಿಯನ್ನು ಅವ್ವನೇ ಕಟ್ಟಬೇಕಾಯಿತು. ಮೈಮೇಲೆ ಲೋಹವೇನೂ ಇರಬಾರದೆಂದು ನರ್ಸು ಕೊರಳಿನಲ್ಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆ ತೆಗೆಯಲು ಹೇಳಿದರು. ಲಿಂಗ ಮೈಬಿಟ್ಟು ಇರಬಾರದೆಂದು ಅವ್ವ ಹಟ ಹಿಡಿದಳು. ಕೊನೆಗೆ ಡಾಕ್ಟರೇ ಬಂದು, ಬೆಳ್ಳಿಯನ್ನು ಅವ್ವನ ಕೈಗೆ ಕೊಟ್ಟು, ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಮುಂಗೈಗೆ ಕಟ್ಟಿಸಿದರು. ಗಾಡಿಯ ಮೇಲೆ ಮಲಗಿಸಿ ತಳ್ಳಿಕೊಂಡು ಹೋಗುವಾಗ ಚಾವಣಿಯ ದೀಪಗಳು ಒಂದೊಂದಾಗಿ ಹಿಂದೆ ಸರಿದವು. ಒಳಗೆ ಎಂಥ ಚಳಿ! ಹಲ್ಲು ಕಟಕಟ ಎನ್ನುತ್ತಿದ್ದವು. ಅರಿವಳಿಕೆಯ ಡಾಕ್ಟರು ನಿಮ್ಮ ಊರು ಯಾವುದೆಂದು ಕೇಳಿದರು. ಚಳ್ಳ ಎಂದದ್ದು ನೆನಪಿದೆ. ಕೆರೆ ಎಂದೆನೋ ಇಲ್ಲವೋ ತಿಳಿಯದು.

ಎಚ್ಚರವಾದಾಗ ಎದೆಯ ಮೇಲೆ ಶೇಂಗಾ ಮೂಟೆ ಹೇರಿದಷ್ಟು ಭಾರ. ಬದುಕಿದ್ದೇನೆ ಎನ್ನುವುದಕ್ಕೆ ನೋವೇ ಸಾಕ್ಷಿಯಾಗಿತ್ತು. ಬಿಗಿಯಾದ ಜಾಕೀಟೊಂದನ್ನು ತೊಡಿಸಿ, ವಾರಗಟ್ಟಲೆ ಹಗಲೂ ರಾತ್ರಿ ಬಿಚ್ಚಬಾರದು ಎಂದರು. ಬಿಗಿ ಬನಿಯನ್ನಿನಲ್ಲೇ ಬೆಳೆದವನಿಗೆ ಅದೇನು ಹೊಸದಲ್ಲ. ಹೊಸದಾಗಿದ್ದದ್ದು ಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯುವುದು. ಫೋನು ಸದ್ದು ಮಾಡಿದಾಗಲೆಲ್ಲ ಆಸ್ಪತ್ರೆಯದೇ ಎಂದು ಎದ್ದು ಕೂರುತ್ತಿದ್ದೆ. ಅನ್ನಪೂರ್ಣ ದಿನವೂ ಮಾತಾಡುತ್ತಿದ್ದಳು. ತನಗೂ ಭಯವಾಗುತ್ತದೆ ಎಂದು ಬಚ್ಚಿಡದೆ ಹೇಳುತ್ತಿದ್ದಳು. ಏನೂ ಆಗಲ್ಲ ಎಂದವರೆಲ್ಲರಿಗಿಂತ ಆ ಮಾತೇ ನನಗೆ ಹೆಚ್ಚು ಸಮಾಧಾನ ಕೊಟ್ಟಿತು. ಕೊನೆಗೆ ಡಾಕ್ಟರು ಕರೆದು, ಗಾಬರಿಯ ಸಂಗತಿ ಏನೂ ಇಲ್ಲ ಎಂದು ಹೇಳಿದಾಗ ಅವ್ವ ಅಲ್ಲೇ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಗಟ್ಟಿಯಾಗಿ ಅತ್ತಳು.

ಮದುವೆಯ ಹಿಂದಿನ ದಿನ ಬಂತು. ಹಸೆಮಣೆ, ಅರಿಶಿನ, ಎಣ್ಣೆ, ಸುತ್ತ ಹೆಂಗಸರು. ನಾನು ಅಂಗಿ ಬಿಚ್ಚಿದೆ. ಹೊಲಿಗೆಯ ಗುರುತು ಅಲ್ಲಲ್ಲಿ ಇನ್ನೂ ಕೆಂಪಗಿತ್ತು. ಬಲಗಡೆ ಒಂದು ಸಣ್ಣ ತಗ್ಗು ಉಳಿದಿತ್ತು. ಯಾರೂ ಅದನ್ನು ನೋಡಲಿಲ್ಲ. ಎಣ್ಣೆ ಸಾಲುತ್ತದೋ ಇಲ್ಲವೋ ಎಂಬ ವಾಗ್ವಾದ ಜೋರಾಗಿ ನಡೆದಿತ್ತು. ಎಣ್ಣೆ ಮಿಲ್ಲಿನವರ ಮನೆಯಲ್ಲಿ!

ಮೊದಲು ಅರಿಶಿನ ಹಚ್ಚಲು ಬಂದವರು ಸೋದರತ್ತೆ. ಹಣೆಗೆ, ಕೆನ್ನೆಗೆ, ತೋಳಿಗೆ ಹಚ್ಚಿ, ಅಂಗೈ ತುಂಬ ಅರಿಶಿನ ತೆಗೆದುಕೊಂಡು ನನ್ನ ಎದೆಯ ಮೇಲೆ ಇಟ್ಟರು. ಕೈ ಅಲ್ಲೇ ನಿಂತಿತು. ಅವರ ಹುಬ್ಬು ಮೇಲೇರಿತು.

"ಯಾಕೋ ತಿಪ್ಪೇಶ, ಎದೆ ಹಿಂಗ್ ಹೊಡ್ಕೊಂತೈತೆ?" ಅಂದರು. "ಹೆದರ್ಕೊಂಡೀಯಾ?"

ಕತ್ತಿ, ಸೂಜಿ, ಹೊಲಿಗೆ ಎಲ್ಲ ಆದ ಮೇಲೆ ಎದೆಯೊಳಗೆ ಉಳಿದಿದ್ದದ್ದು ಅದೊಂದೇ. ಮುಚ್ಚುವುದಕ್ಕೆ ಮೈಮೇಲೆ ಅಂಗಿಯೂ ಇರಲಿಲ್ಲ. ಹೂಂ ಅತ್ತೆ, ಬಹಳ ಹೆದರಿಕೆಯಾಗಿದೆ ಎಂದು ಅಷ್ಟೂ ಜನರ ಮುಂದೆ ಒಪ್ಪಿಕೊಂಡೆ. ಯಾರೂ ನಗಲಿಲ್ಲ ಎಂದು ಹೇಳಲಾರೆ, ಎಲ್ಲರೂ ನಕ್ಕರು. ಅತ್ತೆ ಮಾತ್ರ ನಗದೆ, ಅರಿಶಿನವನ್ನು ಎರಡೂ ಕಡೆ ಸಮನಾಗಿ ಬಳಿದರು.

"ಎದೆ ಅಂದ್ಮ್ಯಾಕೆ ಹೊಡ್ಕೊಂತೈತೆ ಬಿಡಪ್ಪ," ಎಂದು, ಎಣ್ಣೆಯ ಬಟ್ಟಲನ್ನು ಪಕ್ಕದವರ ಕೈಗೆ ದಾಟಿಸಿದರು.