ಕೆನ್ನೆಗೆ ಕೊಟ್ಟ ಕೈ

ಒಂಬತ್ತನೇ ತರಗತಿಗೆ ಇಂಗ್ಲಿಷ್ ಕಲಿಸುವ ನನಗೆ ಪ್ರತಿವರ್ಷ ಒಂದು ಪಾಠದಲ್ಲಿ ‘ಪೆನ್ಸಿವ್’ ಎಂಬ ಪದ ಎದುರಾಗುತ್ತದೆ. ಮಕ್ಕಳ ಗೈಡಿನಲ್ಲಿ ಅದಕ್ಕೆ ‘ಚಿಂತಾಕ್ರಾಂತ’ ಎಂದು ಅರ್ಥ ಕೊಟ್ಟಿದ್ದಾರೆ. ಆ ಗೈಡು ಬರೆದವರ ಮೇಲೆ ನನಗೆ ಹಳೆಯ ಸಿಟ್ಟು. ಬಸ್ಸು ತಪ್ಪೀತು ಎಂದು ಚಡಪಡಿಸುವುದು ಚಿಂತೆ. ಪೆನ್ಸಿವ್ ಅದಲ್ಲ, ಅಳುವೂ ಅಲ್ಲ. ದುಃಖವೊಂದನ್ನು ಎದುರಿಗಿಟ್ಟುಕೊಂಡು ಸುಮ್ಮನೆ ಯೋಚಿಸುತ್ತಾ ಕೂರುವುದು. ಮಕ್ಕಳಿಗೆ ಇಷ್ಟು ಹೇಳಿ ಇನ್ನೊಂದು ಮಾತನ್ನೂ ಸೇರಿಸುತ್ತಿದ್ದೆ: ಈ ಪದವನ್ನು ಯಾರೂ ಸಾಮಾನ್ಯವಾಗಿ ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವುದಿಲ್ಲ. ನೋಡಿದವರು ಹೇಳಬೇಕು.

ಶಿರ್ವದ ನಮ್ಮ ಶಾಲೆಯ ಆ ಮಕ್ಕಳಿಗೆ ಇಷ್ಟರಿಂದ ಏನೂ ತಲೆಗೆ ಹೋಗುತ್ತಿರಲಿಲ್ಲ. ಆಗ ಮೇಜಿಗೆ ಮೊಣಕೈ ಊರಿ, ಕೆನ್ನೆಗೆ ಕೈಕೊಟ್ಟು, ಕಿಟಕಿಯಾಚೆ ನೋಡುತ್ತಾ ಕುಳಿತು ತೋರಿಸುತ್ತಿದ್ದೆ. ತರಗತಿಯೆಲ್ಲ ನಗು. ಯಾವುದಾದರೂ ಹುಡುಗಿ ಎದ್ದು, “ಸರ್, ಹಾಗೆ ಕೂರಬಾರದಂತೆ, ಮನೆಗೆ ಒಳ್ಳೆಯದಲ್ಲ ಅಂತ ನಮ್ಮ ಅಜ್ಜಿ ಬಯ್ತಾರೆ” ಎನ್ನುತ್ತಿದ್ದಳು.

“ನಿನ್ನ ಅಜ್ಜಿಗೆ ಇಂಗ್ಲಿಷ್ ಗೊತ್ತಿಲ್ಲ ಅಲ್ವಾ” ಎಂದು ನಾನೂ ನಗುತ್ತಿದ್ದೆ.

ಶಾಲೆಯಲ್ಲಿ ಇಷ್ಟೆಲ್ಲ ತಿಳಿದವನು ಇನ್ನಂಜೆಯ ನನ್ನ ಮನೆಯೊಳಗೆ ಕಾಲಿಟ್ಟ ಕೂಡಲೇ ಆ ಅಜ್ಜಿಯೇ ಆಗಿಬಿಡುತ್ತಿದ್ದೆ. ಚಿಕ್ಕಂದಿನಲ್ಲಿ ನಾನು ಕೆನ್ನೆಗೆ ಕೈಕೊಟ್ಟರೆ ಅಮ್ಮ ಪಟ್ಟನೆ ಹೊಡೆದು ಕೈ ತೆಗೆಸುತ್ತಿದ್ದಳು. ಅದು ನನ್ನ ಮೈಗೆ ಅಂಟಿಕೊಂಡಿತ್ತು.

ಕಳೆದ ವರ್ಷದ ಮಳೆಗಾಲದಲ್ಲಿ ನನ್ನ ಹೆಂಡತಿ ಹಾಗೆ ಕೂರತೊಡಗಿದಳು. ಸಂಜೆ ನಾನು ಶಾಲೆಯಿಂದ ಬಂದಾಗ ಚಹಾ ತಂದಿಟ್ಟು, ಹಿಂಬಾಗಿಲ ಮೆಟ್ಟಿಲಲ್ಲಿ ಕುಳಿತು, ಕೆನ್ನೆಗೆ ಕೈಕೊಟ್ಟು ಗದ್ದೆಯ ಕಡೆ ನೋಡುತ್ತಿದ್ದಳು.

“ಕೈ ತೆಗಿ ಮಾರಾಯ್ತಿ, ದೀಪ ಇಡುವ ಹೊತ್ತು” ಎನ್ನುತ್ತಿದ್ದೆ. ತೆಗೆಯುತ್ತಿದ್ದಳು. ಮರುದಿನ ಮತ್ತೆ ಅದೇ. ಒಮ್ಮೆ ಉತ್ತರಪತ್ರಿಕೆಗಳ ಕಟ್ಟು ಹಿಡಿದು ಹೋಗುತ್ತಾ ನಾನೇ ಬಗ್ಗಿ ಆ ಕೈಯನ್ನು ಸರಿಸಿದೆ. ಅವಳ ಮುಖ ಹೇಗಿತ್ತೆಂದು ಈಗ ಎಷ್ಟು ನೆನಪಿಸಿಕೊಂಡರೂ ಹೊಳೆಯುವುದಿಲ್ಲ. ಕೈಯನ್ನಷ್ಟೇ ನೋಡಿದ್ದೆ.

ಡಿಸೆಂಬರಿನ ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಅವಳ ಕೈಯಿಂದ ಕೊಡಪಾನ ಜಾರಿ ಬಿತ್ತು. ಎಡಗೈ ಎತ್ತಲಿಕ್ಕೆ ಆಗುವುದಿಲ್ಲ ಎಂದಳು. ಎದೆಯಲ್ಲಿ ಗಂಟು ಉಂಟು ಎಂದು ಆಗ ಹೇಳಿದಳು. ಅದೇ ದಿನ ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಗಂಟು ಯಾವಾಗಿನಿಂದ ಎಂದು ಡಾಕ್ಟರ್ ಕೇಳಿದರು. “ಜೂನಿನಿಂದ” ಎಂದಳು. ಡಾಕ್ಟರ್ ನನ್ನ ಕಡೆ ತಿರುಗಿದರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ, ಮೂಳೆಗೂ ಹಬ್ಬಿದೆ, ಇನ್ನು ನೋವು ಕಡಿಮೆ ಮಾಡಬಹುದು ಅಷ್ಟೆ ಎಂದು ಅವರು ಹೇಳಿದರು.

ಆ ದಿನ ಬಸ್ಸಿಗೆ ಕಾಯುತ್ತಾ ನಿಂತಾಗ ನನಗೆ ಅವಳ ಮೇಲೆಯೇ ಸಿಟ್ಟು ಬಂತು. “ಒಂದು ಮಾತು ಹೇಳಬಾರದಿತ್ತಾ?”

“ಹೇಳ್ಬೇಕು ಅಂತಲೇ ಅಲ್ಲಿ ಕೂತಿರ್ತಿದ್ದೆ” ಎಂದಳು. “ಬಾಯಿ ಬರ್ತಿರಲಿಲ್ಲ. ಎಂತ ಯೋಚನೆ ಅಂತ ನೀವು ಕೇಳಿದ್ರೆ ಹೇಳುವ ಅಂತ. ನೀವು ಕೈ ತೆಗಿ ಅಂತಿದ್ರಿ.”

ದೂರುವ ದನಿಯಲ್ಲ. ದೂರಿದ್ದರೆ ಒಳ್ಳೆಯದಿತ್ತು, ನಾನು ಎದುರುತ್ತರ ಕೊಡುತ್ತಿದ್ದೆ.

ಆಮೇಲೆ ದಿನಕ್ಕೆ ಹತ್ತು ಸಲ ಕೇಳಿದೆ, ಎಂತ ಯೋಚನೆ ಎಂದು. “ಎಂತ ಇಲ್ಲ” ಎನ್ನುತ್ತಿದ್ದಳು. ಬಾತುಕೊಂಡ ಎಡಗೈ ದಿಂಬಿನ ಮೇಲೆ ಬಿದ್ದಿರುತ್ತಿತ್ತು. ಒಂದು ಸಂಜೆ ಆ ಕೈಯನ್ನು ನಾನೇ ಎತ್ತಿ ಅವಳ ಕೆನ್ನೆಗೆ ಇಟ್ಟೆ. ಎಂತ ಹುಚ್ಚು ಇದು ಎಂಬಂತೆ ನೋಡಿದಳು. ಬಿಟ್ಟ ಕೂಡಲೇ ಕೈ ಜಾರಿತು. ಏಪ್ರಿಲ್‌ನಲ್ಲಿ ಹೋದಳು. ಎಷ್ಟೋ ವರ್ಷ ಮಕ್ಕಳಿಗೆ ಅರ್ಥ ಬಿಡಿಸಿ ಹೇಳಿದ ನಾನು, ಮನೆಯಲ್ಲಿ ಆರು ತಿಂಗಳು ಕಣ್ಣೆದುರಿಗಿದ್ದುದನ್ನು ಓದಲಿಲ್ಲ. ಇದಕ್ಕೆ ಸಮಾಧಾನ ಹೇಳಲು ಬಂದವರೆಲ್ಲ ನನಗೆ ಬೇಡವಾದರು.

ಈ ವರ್ಷವೂ ಆ ಪಾಠ ಬಂತು. ಬೋರ್ಡಿನ ಮೇಲೆ ‘ಚಿಂತಾಕ್ರಾಂತ’ ಎಂದು ಬರೆದೆ. ಮಕ್ಕಳು ಬರೆದುಕೊಂಡರು. ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು.

“ಸರ್, ನೀವು ಕೂತು ತೋರಿಸ್ತೀರಿ ಅಂತ ಅಕ್ಕ ಹೇಳಿದ್ಳು.”

“ಹಾಗೆ ಕೂರಬಾರದು” ಎಂದೆ. “ಮನೆಗೆ ಒಳ್ಳೆಯದಲ್ಲ.”